ಮುದಿ ಹುಂಜ ಹೋದ ಮೇಲೆ

ಹುಂಜಕ್ಕಿಂತ ಕೀಳಾದ ಪ್ರಾಣಿಯನ್ನು ನಾನು ಕಂಡಿಲ್ಲ. ಕೋಪದಲ್ಲಿ ಆಡುವ ಮಾತಲ್ಲ ಇದು. ಆರು ಎಳೆ ಹುಂಜಗಳನ್ನು ಒಂದೇ ಹಿತ್ತಿಲಲ್ಲಿ ಸಾಕಿ, ದಿನಾ ನೋಡಿ, ಬಂದ ತೀರ್ಮಾನ.

ಸುಗಟೂರಿನ ನಮ್ಮ ಮನೆಯ ಹಿತ್ತಿಲಲ್ಲಿ ಅತ್ತೆಯವರ ನಾಟಿ ಕೋಳಿಗಳು ಮೊದಲಿನಿಂದಲೂ ಇವೆ. ಕಳೆದ ವರ್ಷ ಮೂರು ಹೇಟೆಗಳೂ ಒಂದು ಮುದಿ ಹುಂಜವೂ ಇದ್ದವು. ಅವುಗಳಲ್ಲಿ ಒಂದು ಹೇಟೆ ಕಾವಿಗೆ ಕೂತು ಒಂಬತ್ತು ಮರಿ ಮಾಡಿತು. ಎರಡನ್ನು ಹದ್ದು ಒಯ್ದಿತು. ಉಳಿದ ಏಳರಲ್ಲಿ ಆರು ಗಂಡು. ನರಸಾಪುರದ ಕಂಪನಿಯಲ್ಲಿ ಕೆಲಸ ಮಾಡುವ ನಮ್ಮ ಯಜಮಾನರು ಶಿಫ್ಟ್ ಮುಗಿಸಿ ಬಂದವರೇ ಅವುಗಳ ಫೋಟೊ ತೆಗೆದು ಸ್ಟೇಟಸ್ ಹಾಕುತ್ತಿದ್ದರು. ಬಾಲದಲ್ಲಿ ಹಸಿರು ಮಿಂಚು, ಕೆಂಪು ಜುಟ್ಟು. ನೋಡುವುದಕ್ಕೇನೋ ಚೆನ್ನಾಗಿಯೇ ಇದ್ದವು. ನೋಡುವುದಕ್ಕೆ ಮಾತ್ರ.

ನಾಲ್ಕು ತಿಂಗಳಾದಾಗ ಕೂಗಲು ಶುರು ಮಾಡಿದವು. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕವರು ಕೆಮ್ಮಿದ ಹಾಗೆ ಒಂದು ಸದ್ದು. ಅಷ್ಟಕ್ಕೇ ಎದೆ ಉಬ್ಬಿಸಿಕೊಂಡು ಸುತ್ತ ನೋಡುವುದು. ಮುದಿ ಹುಂಜ ಕತ್ತು ತಿರುಗಿಸಿದರೆ ಸಾಕು, ಆರೂ ಬೇಲಿ ಕಡೆಗೆ ಓಟ. ಅದು ಹೊಡೆದದ್ದನ್ನು ನಾನು ನೋಡಿಯೇ ಇಲ್ಲ. ಸುಮ್ಮನೆ ಅವುಗಳ ಕಡೆಗೆ ಎರಡು ಹೆಜ್ಜೆ ಇಡುತ್ತಿತ್ತು, ಅಷ್ಟೇ.

ಆ ಮುದಿ ಹುಂಜವನ್ನು ಕೊಯ್ಯಿಸಿದವಳು ನಾನೇ. ನಾದಿನಿ ಸಂಸಾರ ಸಮೇತ ಬಂದಿದ್ದಳು. ಮರಿ ಹುಂಜಗಳಲ್ಲಿ ಎರಡು ಹಿಡಿಯೋಣವೆಂದು ಅತ್ತೆ ಹೇಳಿದರು. "ಅವು ಇನ್ನೂ ಮೈ ತುಂಬ್ಕೋಬೇಕು ಅತ್ತೆ. ಈ ಮುದುಕ ತಿನ್ನೋದು, ಬಿದ್ಕೊಳ್ಳೋದು ಬಿಟ್ಟು ಏನ್ ಮಾಡ್ತಾನೆ?" ಎಂದೆ. ಅತ್ತೆ ನನ್ನ ಮುಖ ನೋಡಿ, ಮಸಾಲೆ ರುಬ್ಬಲು ಹೋದರು.

ಎರಡೇ ದಿನದಲ್ಲಿ ಹಿತ್ತಿಲು ಹಾಳಾಯಿತು. ಬೆಳಕು ಹರಿಯುವ ಮೊದಲೇ ಆರು ಮರಿ ಹುಂಜಗಳೂ ಒಂದರ ಮೇಲೊಂದು ಎಗರುತ್ತಿದ್ದವು. ಹಾಗಂತ ನೆಟ್ಟಗೆ ಕಾದಾಡುತ್ತಿದ್ದವೇ, ಅದೂ ಇಲ್ಲ. ಗೆಲ್ಲುತ್ತಿರುವುದರ ಜೊತೆ ಸೇರಿ, ಸೋತು ಓಡುವುದನ್ನು ಹಿಂದಿನಿಂದ ಕುಕ್ಕುವುದು. ಅದರಲ್ಲೂ ಒಂದು ಚುಕ್ಕೆ ಹುಂಜ ಪೂರ್ತಿ ಮೋಸಗಾರ. ಕಾಳು ಸಿಕ್ಕವರ ಹಾಗೆ ಕೊಕ್ಕಿನಲ್ಲಿ ಒಂದು ಕಡ್ಡಿ ಎತ್ತಿ ಇಳಿಸುತ್ತಾ ಕೊಕ್ ಕೊಕ್ ಎಂದು ಹೇಟೆಗಳನ್ನು ಕರೆಯುವುದು. ಅವು ಆಸೆಯಿಂದ ಬಂದರೆ ಕಾಳೂ ಇಲ್ಲ ಏನೂ ಇಲ್ಲ, ನೇರ ಬೆನ್ನ ಮೇಲೆ ಹತ್ತುವುದು.

ನಾನು ಇಪ್ಪತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವಳು. ಜಗಳ ಬಿಡಿಸುವುದು ಬರುತ್ತದೆಂಬ ನಂಬಿಕೆ ಇತ್ತು. ಜಾಸ್ತಿ ಹಾರಾಡುವುದನ್ನು ಹಿಡಿದು ಸಂಜೆವರೆಗೆ ಅದರ ಮೇಲೆ ಬಿದಿರಿನ ಮಂಕರಿ ಕವುಚಿ ಇಡುತ್ತಿದ್ದೆ. ಅಷ್ಟರಲ್ಲಿ ಇನ್ನೊಂದು ಯಜಮಾನಿಕೆ ಶುರು ಮಾಡಿರುತ್ತಿತ್ತು. ಮಂಕರಿ ಎತ್ತಿ ಒಳಗಿನದನ್ನು ಹೊರಗೆ ಬಿಟ್ಟರೆ ಎಲ್ಲ ಮೊದಲಿನಿಂದ. ಹತ್ತು ದಿನ ಹೀಗೇ ನಡೆಯಿತು. ಹೇಟೆಗಳ ಬೆನ್ನಿನ ಪುಕ್ಕವೆಲ್ಲ ಉದುರಿ ಚರ್ಮ ಕಾಣುತ್ತಿತ್ತು. ಮೊಟ್ಟೆ ನಿಂತವು. ದನದ ಕೊಟ್ಟಿಗೆಯ ಶೀಟಿನ ಮೇಲೆ ಹತ್ತಿ ಕೂತ ಹೇಟೆಗಳು ಮೇವಿಗೂ ಇಳಿಯಲು ಹೆದರುತ್ತಿದ್ದವು.

ಒಂದು ಭಾನುವಾರ ಬೆಳಿಗ್ಗೆ, ಆರರ ಜೊತೆ ಹುಟ್ಟಿದ ಒಂದೇ ಒಂದು ಹೆಣ್ಣು ಮರಿಯನ್ನು ನಾಲ್ಕು ಹುಂಜ ಸೇರಿ ಬೇಲಿಗೆ ಒತ್ತಿ ಹಿಡಿದಿದ್ದವು. ಪೊರಕೆಯಲ್ಲಿ ಬಡಿದು ಓಡಿಸಿದೆ. ಅದರ ರೆಕ್ಕೆಯ ಬುಡ ಹರಿದು ರಕ್ತ ಬರುತ್ತಿತ್ತು. ಅತ್ತೆ ಅರಿಶಿನ ಮೆತ್ತುತ್ತಾ ಕೂತರು. ನಾನು ದೊಡ್ಡ ಕೆಂಪು ಹುಂಜವನ್ನು ಮತ್ತೆ ಮಂಕರಿಯೊಳಗೆ ಹಾಕಲು ಹೋದೆ.

ಅತ್ತೆ ಮುಳಬಾಗಿಲು ಕಡೆಯವರು. ಬೇಸರವಾದರೆ ತೆಲುಗು ಬರುತ್ತದೆ. "ಊರ್ಕೋಮ್ಮಾ, ಸುಮ್ನಿರು," ಎಂದರು. "ಇದೇನ್ ನಿನ್ ಸ್ಕೂಲಾ? ಒಂದನ್ನ ಎತ್ತಿಟ್ರೆ ಅದ್ರ ಜಾಗ ಹೋಯ್ತು. ಬಿಟ್ಟಾಗ ಮತ್ತೆ ಹೊಡೆದಾಡೇ ಸಂಪಾದಿಸ್ಕೋಬೇಕು. ದಿನಾ ಜಗಳ ಹೊಸದಾಗಿ ಹಚ್ತಾ ಇರೋಳು ನೀನೇ ಕಣೇ."

"ಮತ್ತೆ ಮುದುಕನ್ನ ಕೊಯ್ಸೋವಾಗ್ಲೇ ಇವು ಹೀಗಾಡ್ತವೆ ಅಂತ ಯಾಕೆ ಹೇಳ್ಲಿಲ್ಲ ಅತ್ತೆ?"

"ಮುದುಕ ಬಿದ್ದಿರ್ತಾನೆ ಅಂತ ನೀನೇ ಅಂದೆ. ಬಿದ್ದಿದ್ರೂ ಅವನು ಇದ್ನಲ್ಲ, ಅದಕ್ಕೇ ಇವು ಸುಮ್ನಿದ್ವು. ಹೇಳಿದ್ರೆ ಕೇಳ್ತಿದ್ಯಾ?"

ಕೇಳುತ್ತಿರಲಿಲ್ಲ. ಆ ಕ್ಷಣ ಹುಂಜಗಳ ಮೇಲಿದ್ದಷ್ಟೇ ತಾತ್ಸಾರ ನನ್ನ ಮೇಲೂ ಬಂತು.

ರೇಷ್ಮೆ ಹುಳು ಸಾಕುವುದನ್ನು ಬಿಟ್ಟ ಮೇಲೆ ಹುಳುವಿನ ಮನೆ ಖಾಲಿ ಬಿದ್ದಿತ್ತು. ಆರನ್ನೂ ಅದರೊಳಗೆ ಬಿಡಲು ಅತ್ತೆ ಹೇಳಿದರು. ಒಂದನ್ನೊಂದು ಕೊಂದುಕೊಳ್ಳುತ್ತವೆಂದು ನನಗೆ ಭಯ. "ಹೇಟೆ ಕಣ್ಣಿಗ್ ಬೀಳ್ದಿದ್ರೆ ಸಾಕು, ನೋಡ್ತಿರು," ಎಂದರು. ಮೊದಲ ದಿನ ಸ್ವಲ್ಪ ಎಗರಾಡಿದವು. ಮೂರನೆಯ ದಿನ ಕಿಟಕಿಯಿಂದ ಇಣುಕಿದರೆ ಆರೂ ಒಂದೇ ತಟ್ಟೆಗೆ ಬಾಯಿ ಹಾಕಿ ರಾಗಿ ತಿನ್ನುತ್ತಿವೆ. ಕೆಂಪು ಹುಂಜ, ಚುಕ್ಕೆ ಹುಂಜ ಅಕ್ಕಪಕ್ಕ ಮೈಗೆ ಮೈ ತಾಗಿಸಿ ಕೂತಿವೆ. ನನಗೆ ಸಮಾಧಾನವಾಗಲಿಲ್ಲ, ಹೇಸಿಗೆಯಾಯಿತು. ಆ ಹೆಣ್ಣು ಮರಿಯ ರೆಕ್ಕೆ ಹರಿದ ಶೌರ್ಯವೆಲ್ಲ ಬರೀ ತೋರಿಕೆಯೇ? ನೋಡುವವರಿಲ್ಲದ ಕೂಡಲೇ ಅಣ್ಣ ತಮ್ಮಂದಿರು!

ಒಂದನ್ನು ಇಟ್ಟುಕೊಂಡು ಉಳಿದವನ್ನು ಕಳಿಸುವುದೆಂದು ತೀರ್ಮಾನವಾಯಿತು. ನಾನು ಬೂದು ಬಣ್ಣದ ಸಣ್ಣ ಹುಂಜವನ್ನು ಆರಿಸಿದೆ. ಅದು ಯಾರ ತಂಟೆಗೂ ಹೋಗಿರಲಿಲ್ಲ. ನಾಲ್ಕರ ಗುಂಪಿನಲ್ಲೂ ಇರಲಿಲ್ಲ. ಇದೊಂದು ಬೇರೆ ಜಾತಿಯದ್ದು, ಸಾಧು ಎಂದು ಯಜಮಾನರಿಗೂ ಹೇಳಿದೆ. ಉಳಿದ ಐದರಲ್ಲಿ ಎರಡು ಸಾರಾದವು, ಮೂರು ಶ್ರೀನಿವಾಸಪುರದ ಸಂತೆಗೆ ಹೋದವು.

ಸಾಧು ಹುಂಜ ಹೊರಗೆ ಬಂದು ಎರಡು ವಾರ ಹೇಟೆಗಳ ಹಿಂದೆ ಮೆಲ್ಲಗೆ ಓಡಾಡಿಕೊಂಡಿತ್ತು. ಮೂರನೆಯ ವಾರ ಎದೆ ಉಬ್ಬಿತು, ಕೂಗು ಬಲಿಯಿತು. ಒಂದು ಸಂಜೆ ನಾನು ಮೇವು ಹಾಕಿ ತಿರುಗಿದ್ದೇ ತಡ, ಹಿಂದಿನಿಂದ ಹಾರಿ ಬಂದು ನನ್ನ ಮೀನಖಂಡಕ್ಕೆ ಒದೆಯಿತು. ಸೀರೆಯ ಮೇಲೆಲ್ಲ ರಕ್ತ.

"ಸಾಧು ಅಂದ್ಯಲ್ಲ," ಎಂದರು ಅತ್ತೆ, ನಗುವನ್ನು ಮುಚ್ಚಿಡುವ ಕಷ್ಟವನ್ನೂ ತೆಗೆದುಕೊಳ್ಳದೆ. "ಅದು ಸಾಧು ಅಲ್ಲಮ್ಮಾ, ಮಿಕ್ಕವಕ್ಕೆ ಹೆದರ್ಕೊಂಡಿತ್ತು, ಅಷ್ಟೇ."

ಹೇಟೆಗಳಿಗೆ ಮಾತ್ರ ಹೊಸ ಪುಕ್ಕ ಬಂದಿದೆ. ಆ ಹೆಣ್ಣು ಮರಿಯೂ ಈಗ ಮೊಟ್ಟೆ ಇಡುತ್ತದೆ. ಹುಂಜ ಬೇಲಿಯ ಮೇಲೆ ನಿಂತು, ಅದನ್ನೂ ತಾನೇ ಇಟ್ಟವನ ಹಾಗೆ ಕೂಗುತ್ತದೆ.