ಅಕ್ಕನ ಜೊತೆ ಬ್ಯಾಂಕ್ ಬದಲಿಸಿದ ವರ್ಷಗಳು

ಅಕ್ಕ ಮೊದಲ ಸಲ ಫೋನ್ ಮಾಡಿ ಬ್ಯಾಂಕ್ ಬದಲಿಸೋಣ ಎಂದಾಗ ನಾನು ಡಲ್ಲಾಸ್ ಪಕ್ಕದ ಕಾಪೆಲ್‌ನ ನಮ್ಮ ಅಡುಗೆಮನೆಯಲ್ಲಿ ಮಗನ ಡಬ್ಬಿಗೆ ಚಿತ್ರಾನ್ನ ಕಲಸುತ್ತಿದ್ದೆ. ಅವಳಿದ್ದದ್ದು ಹ್ಯೂಸ್ಟನ್ ಆಚೆಯ ಫುಲ್‌ಶೀರ್‌ನಲ್ಲಿ. ಅಕ್ಕತಂಗಿ ಇಬ್ಬರೂ ಟೆಕ್ಸಸ್‌ನಲ್ಲೇ ಇದ್ದಾರೆ ಎಂದು ಮೈಸೂರಿನ ಬಂಧುಗಳಿಗೆಲ್ಲ ಸಮಾಧಾನ. ನಾವು ಭೇಟಿಯಾಗುತ್ತಿದ್ದದ್ದು ಮಾತ್ರ ವರ್ಷಕ್ಕೆರಡು ಸಲ, ಅದೂ ಗಂಡಂದಿರು, ಮಕ್ಕಳು, ಅವರ ಸ್ನೇಹಿತರ ನಡುವೆ, ಒಬ್ಬರಿಗೊಬ್ಬರು ತಟ್ಟೆ ದಾಟಿಸುತ್ತ.

"ಆಸ್ಟಿನ್‌ನಲ್ಲಿ ಒಂದು ಬ್ಯಾಂಕಿದೆ ಕಣೇ. ಹೊಸ ಅಕೌಂಟ್ ಓಪನ್ ಮಾಡಿ, ಸಂಬಳ ಅಲ್ಲಿಗೆ ಬರೋ ಹಾಗೆ ಮಾಡಿದ್ರೆ ಮುನ್ನೂರು ಡಾಲರ್ ಕೊಡ್ತಾರಂತೆ. ಆದ್ರೆ ಬ್ರಾಂಚಿಗೇ ಹೋಗ್ಬೇಕು. ಬಾರೇ, ಇಬ್ಬರೂ ಹೋಗೋಣ."

ನನ್ನ ಗಂಡ ಕೇಳಿ ನಕ್ಕರು. ಪೆಟ್ರೋಲು, ಊಟ, ರಾತ್ರಿ ಉಳಿದರೆ ಹೋಟೆಲು, ಎಲ್ಲ ಕಳೆದರೆ ನಿಮಗೆ ಮಿಗುವುದೇನು ಎಂದರು. ನನಗೂ ಹಾಗೇ ಅನ್ನಿಸಿತ್ತು. ಆದರೂ ಒಂದು ಶನಿವಾರ ಬೆಳಿಗ್ಗೆ ಹೊರಟೆ. ನಾನು ಉತ್ತರದಿಂದ, ಅವಳು ಪೂರ್ವದಿಂದ ಡ್ರೈವ್ ಮಾಡಿಕೊಂಡು ಬಂದು ಆ ಬ್ಯಾಂಕಿನ ಪಾರ್ಕಿಂಗಿನಲ್ಲಿ ಸೇರಿದೆವು. ದಾರಿಯ ಬೇಕರಿಯಲ್ಲಿ ಕೊಂಡ ಏಪ್ರಿಕಾಟ್ ಬನ್ನಿನ ಪೊಟ್ಟಣ ಹಿಡಿದು ಅವಳು ಕಾರಿಗೆ ಒರಗಿ ನಿಂತಿದ್ದಳು. ಮಕ್ಕಳು ಜೊತೆಗಿಲ್ಲದೆ ಒಬ್ಬಳೇ ನಿಂತ ಅಕ್ಕನನ್ನು ನೋಡಿ ಎಷ್ಟು ವರ್ಷವಾಗಿತ್ತೋ!

ಒಳಗೆ ಅವಳದ್ದೇ ದರ್ಬಾರು. ಸಂಬಳ ಬಂದ ಎಷ್ಟು ದಿನಕ್ಕೆ ಬೋನಸ್ ಬರುತ್ತದೆ, ಬೇಗ ಅಕೌಂಟ್ ಮುಚ್ಚಿದರೆ ವಾಪಸ್ ಕಿತ್ತುಕೊಳ್ಳುತ್ತೀರಾ, ತಿಂಗಳ ಚಾರ್ಜು ಬೀಳದಿರಲು ಎಷ್ಟು ಹಣ ಉಳಿಸಿರಬೇಕು ಎಂದು ಒಂದೊಂದಾಗಿ ಕೇಳಿದಳು. ಎದುರಿಗೆ ಕೂತ ಹುಡುಗಿ ಎರಡು ಸಲ ಒಳಗೆ ಹೋಗಿ ಮ್ಯಾನೇಜರನ್ನು ಕೇಳಿಕೊಂಡು ಬಂದಳು. ಅಕ್ಕ ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ಬಿಲ್ಲಿಂಗ್ ಕೆಲಸ ಮಾಡುತ್ತಿದ್ದಳು. ಲೆಕ್ಕದಲ್ಲಿ ಅವಳ ಕಣ್ಣು ತಪ್ಪಿಸುವುದು ಯಾರಿಗೂ ಸಾಧ್ಯವಿರಲಿಲ್ಲ.

ಆ ರಾತ್ರಿ ಅಲ್ಲೇ ಉಳಿದೆವು. ಹೋಟೆಲಿನ ಈಜುಕೊಳದ ಅಂಚಿನಲ್ಲಿ ಕೂತು, ಇಬ್ಬರಿಗೂ ಈಜು ಬಾರದೆ, ಕಾಲು ಮಾತ್ರ ನೀರಿಗೆ ಬಿಟ್ಟುಕೊಂಡು ಮಾತಾಡಿದೆವು. "ಈ ದುಡ್ಡಿಗೋಸ್ಕರ ಇಷ್ಟು ದೂರ ಬರಬೇಕಿತ್ತೇನೇ?" ಎಂದೆ.

ಅವಳು ನೀರನ್ನು ನೋಡುತ್ತಲೇ ಹೇಳಿದಳು: "ತಂಗೀನ ನೋಡಕ್ಕೆ ಹೋಗ್ತೀನಿ ಅಂದ್ರೆ, ಈ ವಾರ ಬೇಡ, ಮಗಳಿಗೆ ಡ್ಯಾನ್ಸ್ ಕ್ಲಾಸಿದೆ, ಇನ್ನೊಂದ್ಸಲ ಹೋಗು ಅಂತಾರೆ. ಬ್ಯಾಂಕ್ ಕೆಲಸ ಅಂದ್ರೆ ಯಾರೂ ಏನೂ ಅನ್ನಲ್ಲ."

ಅಲ್ಲಿಂದ ಅದೇ ನಮ್ಮ ಪದ್ಧತಿಯಾಯಿತು. ಮೂರು ನಾಲ್ಕು ತಿಂಗಳಿಗೊಮ್ಮೆ ಅಕ್ಕ ಯಾವುದಾದರೂ ಬ್ಯಾಂಕಿನ ಆಫರ್ ಹುಡುಕುತ್ತಿದ್ದಳು. ಡಲ್ಲಾಸ್ ಕಡೆಯದಾದರೆ ಅವಳು ನನ್ನಲ್ಲಿಗೆ, ಹ್ಯೂಸ್ಟನ್ನಿನದಾದರೆ ನಾನು ಅಲ್ಲಿಗೆ. ಇಬ್ಬರಿಗೂ ಇಷ್ಟವಾದದ್ದು ಆಸ್ಟಿನ್. ಅಲ್ಲಿ ನಮ್ಮನ್ನು ಕರೆದು ಮಾತಾಡಿಸುವವರಿರಲಿಲ್ಲ. ಬಂದ ಬೋನಸ್ ಮುಂದಿನ ಸಲದ ಹೋಟೆಲಿಗೆ ಹೋಗುತ್ತಿತ್ತು. ನನ್ನ ಗಂಡ ಹೇಳಿದ್ದು ನಿಜ, ಮಿಗುತ್ತಿದ್ದದ್ದು ಏನೂ ಇಲ್ಲ.

ಇದು ಮೂರು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ತಿಂಗಳು ಅಕ್ಕನ ಸಂಬಳ ಬರಲಿಲ್ಲ. ಕ್ಲಿನಿಕ್ಕಿನವರು ವಿಚಾರಿಸಿದರೆ, ಎಂದೋ ಮುಚ್ಚಿದ ಅಕೌಂಟಿನ ನಂಬರನ್ನು ಅವಳೇ ಬರೆದುಕೊಟ್ಟಿದ್ದಳು. ಹಣ ತಿರುಗಿ ಅವರಿಗೇ ಹೋಗಿತ್ತು. ಅಕ್ಕ ಫೋನಿನಲ್ಲಿ ನಕ್ಕಳು. "ಇಷ್ಟೊಂದು ಅಕೌಂಟ್ ಮಾಡಿದ್ರೆ ಇನ್ನೇನಾಗತ್ತೆ ಹೇಳು." ನಾನೂ ನಕ್ಕೆ.

ಅದಾಗಿ ಕೆಲವು ವಾರಕ್ಕೆ ಅವಳು ಕಾಪೆಲ್‌ಗೆ ಬಂದಳು. ನಮ್ಮ ಮನೆಗೆ ಹತ್ತಿರದ ಬ್ಯಾಂಕೊಂದಕ್ಕೆ ಹೋಗೋಣ ಎಂದಳು. "ಅಲ್ಲಿ ಮಾಡಿಯಾಗಿದೆಯಲ್ಲೇ" ಎಂದೆ. "ಅದು ಬೇರೆ ಬ್ಯಾಂಕು" ಎಂದಳು. ಅವಳು ಹೇಳಿದ ಮೇಲೆ ನನಗೇ ಅನುಮಾನ ಬಂದು, ಇರಬಹುದು ಎಂದುಕೊಂಡು ಹೋದೆ. ಬಾಗಿಲು ದಾಟುತ್ತಿದ್ದಂತೆ ಗುರುತು ಸಿಕ್ಕಿತು. ಅದೇ ಗಾಜಿನ ಕೋಣೆ, ಅದೇ ನೀಲಿ ಕುರ್ಚಿಗಳು.

ಬ್ಯಾಂಕಿನವನು ಕಂಪ್ಯೂಟರ್ ನೋಡಿ, ನೀವು ಹೋದ ವರ್ಷ ಇಲ್ಲಿಯೇ ಬೋನಸ್ ಪಡೆದಿದ್ದೀರಿ, ಈಗ ಮತ್ತೆ ಕೊಡಲಾಗುವುದಿಲ್ಲ ಎಂದ. ಮಾತು ಮೃದುವಾಗಿಯೇ ಇತ್ತು.

ನಾನು ಈ ಬ್ಯಾಂಕಿಗೆ ಬಂದೇ ಇಲ್ಲ ಎಂದು ಅಕ್ಕ ಅವನಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಅವನು ಪರದೆಯನ್ನು ತುಸು ಅವಳ ಕಡೆ ತಿರುಗಿಸಿದ. ಅವಳು ಅದನ್ನು ನೋಡಲಿಲ್ಲ. ನನ್ನ ಕಡೆ ತಿರುಗಿ, "ನೀನೇ ಹೇಳೇ ಅವನಿಗೆ, ನಾವು ಇಲ್ಲಿಗೆ ಬಂದಿದ್ವಾ?" ಎಂದಳು.

ಅವಳ ಮುಖದಲ್ಲಿ ಕೋಪವಿರಲಿಲ್ಲ. ಬೆಳಕಿಲ್ಲದ ಮೆಟ್ಟಿಲು ಇಳಿಯುವವರು ಗೋಡೆ ತಡಕುವ ಹಾಗೆ ನನ್ನನ್ನು ನೋಡುತ್ತಿದ್ದಳು. ಇಲ್ಲ ಎನ್ನಬೇಕೆಂದು ಬಾಯಿಗೆ ಬಂತು.

"ಬಂದಿದ್ವಿ ಅಕ್ಕ," ಎಂದೆ. "ನಾನೂ ಜೊತೆಗಿದ್ದೆ."

ಅವಳು ಎದ್ದು ನಿಂತು ಅವನಿಗೆ ಥ್ಯಾಂಕ್ಸ್ ಹೇಳಿ ಬ್ಯಾಗು ತೆಗೆದುಕೊಂಡಳು. ಕಾರಿನಲ್ಲಿ ಕೂತ ಮೇಲೆ ನಾನು ಎಂಜಿನ್ ಹಾಕಲಿಲ್ಲ. ಅವಳೇ ಮಾತಾಡಿದಳು.

"ನನಗೆ ಗೊತ್ತಿದೆ ಕಣೇ. ಸ್ವಲ್ಪ ದಿನದಿಂದ ಗೊತ್ತಿದೆ. ಕ್ಲಿನಿಕ್ಕಲ್ಲಿ ಬಿಲ್ ತಪ್ಪಾಗ್ತಿದೆ. ಡಾಕ್ಟರು ಒಳ್ಳೆಯವರು, ಬೈಯಲ್ಲ, ಅವರೇ ಸರಿ ಮಾಡ್ಕೋತಾರೆ. ಮೊನ್ನೆ ಮಗಳ ಸ್ಕೂಲಿಂದ ವಾಪಸ್ ಬರಕ್ಕೆ ದಾರಿ ಗೊತ್ತಾಗ್ಲಿಲ್ಲ. ಅಲ್ಲೇ ಕಾರ್ ನಿಲ್ಲಿಸ್ಕೊಂಡು ಕೂತಿದ್ದೆ."

"ಭಾವಂಗೆ ಹೇಳಿದ್ಯಾ?"

"ಇಲ್ಲ. ನಿಂಗೆ ಹೇಳೋಣ ಅಂತಾನೇ ಇಲ್ಲಿಗೆ ಬಂದೆ. ಬಂದ್ಮೇಲೆ ಅದೂ ಮರ್ತು ಬ್ಯಾಂಕಿಗೆ ಹೋಗೋಣ ಅಂದೆ ನೋಡು."

ಹೀಗೆಂದು ನಗಲು ಹೋದಳು. ಆಗಲಿಲ್ಲ. ಇಬ್ಬರೂ ಅಲ್ಲೇ ಅತ್ತೆವು. ಪಕ್ಕದಲ್ಲಿ ಕಾರು ನಿಲ್ಲಿಸಿದ ಹೆಂಗಸೊಬ್ಬಳು ಗಾಜು ತಟ್ಟಿ, ಏನಾದರೂ ಬೇಕೇ ಎಂದು ಸನ್ನೆ ಮಾಡಿದಳು.

ಮರುದಿನ ಅಕ್ಕನ ಕಾರನ್ನು ನಮ್ಮ ಮನೆಯಲ್ಲೇ ಬಿಟ್ಟು ಅವಳನ್ನು ನಾನೇ ಫುಲ್‌ಶೀರ್‌ಗೆ ಕರೆದುಕೊಂಡು ಹೋದೆ. ಭಾವನಿಗೆ ಇಬ್ಬರೂ ಸೇರಿ ಹೇಳಿದೆವು. ಹ್ಯೂಸ್ಟನ್ನಿನ ದೊಡ್ಡ ಆಸ್ಪತ್ರೆಯಲ್ಲಿ ಒಂದಾದ ಮೇಲೊಂದು ಟೆಸ್ಟುಗಳು ನಡೆದವು. ಅಲ್ಜೈಮರ್ಸ್ ಎಂದರು. ಐವತ್ತೂ ತುಂಬದವಳಿಗೆ ಹೇಗೆ ಎಂದು ಭಾವ ಮತ್ತೆ ಮತ್ತೆ ಕೇಳಿದರು. ಅಪರೂಪಕ್ಕೆ ಬರುತ್ತದೆ, ಬಂದರೆ ಬೇಗ ಬೆಳೆಯುತ್ತದೆ ಎಂಬ ಉತ್ತರ ಸಿಕ್ಕಿತು.

ಅವಳ ಕೈಯಲ್ಲಿ ಸಹಿ ಮಾಡಲು ಆಗುವಾಗಲೇ ಎಲ್ಲ ಅಕೌಂಟ್‌ಗಳನ್ನು ಮುಚ್ಚಿ ಒಂದೇ ಕಡೆ ತನ್ನಿ ಎಂದು ವಕೀಲರು ಸಲಹೆ ಕೊಟ್ಟರು. ಹೆಚ್ಚಿನವು ಫೋನಿನಲ್ಲೇ ಮುಗಿದವು. ಆಸ್ಟಿನ್ನಿನ ಮೊದಲ ಬ್ಯಾಂಕಿನವರು ಮಾತ್ರ ಖುದ್ದಾಗಿ ಬರಬೇಕು ಎಂದರು. ಭಾವ ಅವಳನ್ನು ಕರೆತಂದರು, ನಾನು ಕಾಪೆಲ್‌ನಿಂದ ಹೋದೆ.

ಅಕೌಂಟ್ ಯಾಕೆ ಮುಚ್ಚುತ್ತಿದ್ದೀರಿ, ನಮ್ಮಿಂದ ಏನಾದರೂ ತೊಂದರೆಯಾಯಿತೇ ಎಂದು ಅಲ್ಲಿಯವರು ಕೇಳಿದರು. ಅಕ್ಕ ಇಂಗ್ಲಿಷ್ ಹುಡುಕಿದಳು, ಸಿಗಲಿಲ್ಲ. "ಇನ್ನು ಸಾಕು," ಎಂದಳು ಕನ್ನಡದಲ್ಲಿ, ಬಹಳ ಮರ್ಯಾದೆಯಿಂದ. ಸಹಿ ಮಾಡಬೇಕಾದ ಕಡೆ ದುಂಡಗೆ ಕನ್ನಡದಲ್ಲಿ ಹೆಸರು ಬರೆದಳು, ಶಾಲೆಯಲ್ಲಿ ಕಾಪಿ ಬರೆಯುತ್ತಿದ್ದ ಹಾಗೆ. ಅದು ಅವರ ಹತ್ತಿರವಿದ್ದ ಸಹಿಗೆ ಹೊಂದಲಿಲ್ಲ. ಮ್ಯಾನೇಜರ್ ಬಂದು ಲೈಸೆನ್ಸ್ ನೋಡಿ, ಅವಳ ಮುಖ ನೋಡಿ, ಇನ್ನೊಂದು ಹಾಳೆ ಕೊಟ್ಟರು. ನಾವು ಅವಳ ಕೈ ಹಿಡಿಯುವಂತಿರಲಿಲ್ಲ. ಅವಳು ಒಂದೊಂದೇ ಅಕ್ಷರ ನೆನೆಸಿಕೊಂಡು ಇಂಗ್ಲಿಷಿನಲ್ಲಿ ಬರೆದು ಮುಗಿಸಿದಳು.

ಹೊರಗೆ ಬಂದು ಅವಳನ್ನು ಕಾರಿನಲ್ಲಿ ಕೂರಿಸಿದ ಮೇಲೆ ಭಾವ ನನ್ನ ಹತ್ತಿರ ನಿಂತರು. "ಇಲ್ಲಿಂದ ಬಂದಾಗೆಲ್ಲ ಎರಡು ದಿನ ಹಾಡಿಕೊಂಡು ಓಡಾಡ್ತಿದ್ದಳು ಕಣಮ್ಮ. ಬೋನಸ್ ಸಿಕ್ಕಿದ ಖುಷಿ ಅಂದ್ಕೊಂಡಿದ್ದೆ. ಸುಮ್ನೆ ಹೋಗಿ ಬಾ ಅಂದಿದ್ರೆ ಆಗ್ತಿತ್ತಲ್ಲ, ನನಗೆ ಹೊಳೀಲೇ ಇಲ್ಲ." ಅವರು ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸುತ್ತಲೇ ಇದ್ದರು.

ಈಗ ಭಾವ ಮನೆಯಿಂದಲೇ ಕೆಲಸ ಮಾಡುತ್ತಾರೆ. ಅವರ ಬೀದಿಯಲ್ಲೇ ಇರುವ ಹಾಸನದ ಆಂಟಿಯೊಬ್ಬರು ಮಧ್ಯಾಹ್ನ ಬಂದು ಅಕ್ಕನ ಜೊತೆ ಕೂರುತ್ತಾರೆ. ಅಕ್ಕನಿಗೆ ಇಂಗ್ಲಿಷ್ ಪೂರ್ತಿ ಮರೆತುಹೋಗಿದೆ. ಮಾತು ಬಂದಾಗಿನಿಂದ ಅಮ್ಮನಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಮಗಳು ಈಗ ಫೋನಿನಲ್ಲಿ ನನ್ನನ್ನು ಕೇಳಿಕೊಂಡು ಕನ್ನಡ ಕಲಿಯುತ್ತಿದ್ದಾಳೆ. "ಚಿಕ್ಕಮ್ಮ, 'ಆರ್ ಯೂ ಕೋಲ್ಡ್' ಅಂತ ಅಮ್ಮಂಗೆ ಹೇಗೆ ಕೇಳೋದು?" ಎನ್ನುತ್ತಾಳೆ. ಚಳಿ ಆಗ್ತಿದೆಯಾ ಅನ್ನು ಎಂದು ಹೇಳಿಕೊಡುತ್ತೇನೆ.

ನಾನು ತಿಂಗಳಿಗೊಮ್ಮೆ ಹೋಗುತ್ತೇನೆ. ಯಾಕೆ ಎಂದು ಈಗ ಯಾರೂ ಕೇಳುವುದಿಲ್ಲ. ಹೋದ ಸಲ ಅವಳ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದಾಗ, ಕತ್ತು ತಿರುಗಿಸದೆ, "ನಿಮಗೆ ಅಕ್ಕತಂಗಿಯರು ಇದ್ದಾರಾ?" ಎಂದು ಕೇಳಿದಳು.

ಒಬ್ಬಳಿದ್ದಾಳೆ ಎಂದೆ.

"ಹೋಗಿ ನೋಡ್ತಿರ್ತೀರಾ?"

"ನೋಡ್ತಿರ್ತೀನಿ" ಎಂದು ಜಡೆ ಹೆಣೆದು ಮುಗಿಸಿದೆ. ಅವಳು ಜಡೆಯನ್ನು ಹೆಗಲ ಮೇಲಿಂದ ಮುಂದಕ್ಕೆ ಎಳೆದುಕೊಂಡು ತುದಿಯನ್ನು ಮುಟ್ಟಿ ನೋಡಿದಳು, ಚೆನ್ನಾಗಿದೆ ಎಂದಳು.