ಆಲೆಮನೆಯ ಬಾಗಿಲಲ್ಲಿ ಅಕ್ಕನ ಫೋಟೊ

ನಾನು ಮಳವಳ್ಳಿಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಪರೀಕ್ಷೆಯ ಕೊಠಡಿಗೆ ಹಾಕಿದರೆ ಮೂರು ಗಂಟೆಯೂ ಅತ್ತಿಂದಿತ್ತ ನಡೆಯುತ್ತಲೇ ಇರುತ್ತೇನೆ. ಅಂಥವನು ನಲವತ್ತು ದಾಟಿದ ಮೇಲೆ, ಕ್ಯಾಮೆರಾವನ್ನು ಕೂದಲೆಳೆಯಷ್ಟೂ ಅಲುಗಿಸದೆ ಒಂದೇ ನೋಟವನ್ನು ಮೂರು ಸಲ ತೆಗೆಯುವ ವಿದ್ಯೆಗೆ ಕೈಹಾಕಿದೆ.

ಎಚ್‌ಡಿಆರ್ ಅನ್ನುತ್ತಾರೆ ಅದನ್ನು. ಕತ್ತಲೆಯ ಕೋಣೆಯಲ್ಲಿ ನಿಂತು ಹೊರಗೆ ನೋಡಿದರೆ ನಮ್ಮ ಕಣ್ಣಿಗೆ ಒಳಗಿನ ಗೋಡೆಯೂ ಕಾಣುತ್ತದೆ, ಹೊರಗಿನ ಆಕಾಶವೂ ಕಾಣುತ್ತದೆ. ಕ್ಯಾಮೆರಾಕ್ಕೆ ಎರಡರಲ್ಲಿ ಒಂದೇ. ಅದಕ್ಕೇ ಬೆಳಕು ಕಡಿಮೆ ಮಾಡಿ ಒಂದು, ಇದ್ದಷ್ಟಕ್ಕೆ ಒಂದು, ಹೆಚ್ಚು ಮಾಡಿ ಒಂದು ತೆಗೆದು ಕಂಪ್ಯೂಟರಿನಲ್ಲಿ ಸೇರಿಸಬೇಕು. ಮದ್ದೂರಿನ ಸ್ಟುಡಿಯೊದವರೊಬ್ಬರಿಂದ ಹಳೆಯ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು ತಂದೆ. ನಮ್ಮ ಮನೆಯ ಕಿಟಕಿ, ಶಾಲೆಯ ಜಗಲಿ, ಬಸ್ ಸ್ಟ್ಯಾಂಡು, ಯಾವುದನ್ನೂ ಬಿಡಲಿಲ್ಲ. ಯಾವುದೂ ಸಮಾಧಾನ ಕೊಡಲಿಲ್ಲ.

ನಿಜವಾಗಿ ನಾನು ತೆಗೆಯಬೇಕೆಂದಿದ್ದದ್ದು ಅಕ್ಕನನ್ನು. ಮಂಡ್ಯದ ಪಕ್ಕದ ಹೊಳಲಿನಲ್ಲಿ ಅಕ್ಕ, ಭಾವ ಆಲೆಮನೆ ನಡೆಸುತ್ತಾರೆ. ಅಕ್ಕನ ಮುಖಕ್ಕೆ ತೊನ್ನು ಹಬ್ಬಿ ವರ್ಷಗಳಾದವು. ಮದುವೆ ಮನೆಯಲ್ಲಿ ಫೋಟೊದವನು ಹತ್ತಿರ ಬಂದರೆ ಎದ್ದು ಅಡುಗೆಯವರ ಕಡೆ ಹೋಗಿಬಿಡುತ್ತಾಳೆ. ಹೇಗೋ ಸಿಕ್ಕಿಬಿದ್ದ ಒಂದೆರಡು ಫೋಟೊಗಳಲ್ಲಿ ಬಿಳಿ ಮಚ್ಚೆಗಳು ಕಣ್ಣು ಕುಕ್ಕುತ್ತಿದ್ದವು, ಉಳಿದ ಮುಖ ಮಸಿಯಂತಿತ್ತು. ಎರಡನ್ನೂ ಇದ್ದ ಹಾಗೇ ಹಿಡಿಯುತ್ತೇನೆ ಎಂಬ ಹಟ ನನಗೆ.

"ಆಲೆಮನೆ ಫೋಟೊ ಕಣಕ್ಕ. ಅದ್ರಲ್ಲಿ ನೀನೂ ಇರ್ತೀಯ, ಅಷ್ಟೇಯ," ಎಂದು ಒಂದು ಭಾನುವಾರ ಒಪ್ಪಿಸಿದೆ.

ಒಳಗೆ ಒಲೆಯ ಬೆಂಕಿ, ಕೊಪ್ಪರಿಗೆಯಿಂದ ಏಳುವ ಹಬೆ. ಬಾಗಿಲಾಚೆ ಸುಡುಬಿಸಿಲು. ಅಕ್ಕ ಕಬ್ಬಿನ ಪಾಕ ತಿರುವುತ್ತಿದ್ದಳು.

"ಒಸಿ ಅಲ್ಲಾಡ್ದಂಗೆ ನಿಂತ್ಕೊ."

"ಪಾಕ ಉಕ್ಕಿ ಬತ್ತೈತೆ, ನಿನ್ ಫೋಟೊಗೆ ನಿಂತ್ಕಳಾನಾ? ಬಿರ್ನೆ ತಗಿ!"

ತೆಗೆದು, ಅವಳ ಮನೆಯ ಜಗಲಿಯಲ್ಲೇ ಲ್ಯಾಪ್‌ಟಾಪ್ ಬಿಚ್ಚಿ ಕೂತೆ. ಮೂರನ್ನೂ ಸೇರಿಸಿದ ಮೇಲೂ ಕೈ ನಿಲ್ಲಲಿಲ್ಲ. ಬಣ್ಣ, ಬೆಳಕು, ಗೆರೆ ಹೆಚ್ಚಿಸುವ ಪರದೆಯ ಗುಂಡಿಗಳನ್ನೆಲ್ಲ ಕೊನೆಯವರೆಗೆ ಎಳೆದೆ. ಬೆಂಕಿ ಧಗಧಗಿಸಿತು, ಆಕಾಶ ಕಡುನೀಲಿಯಾಯಿತು. ಹಿಗ್ಗಿನಲ್ಲಿ ಅಕ್ಕನನ್ನು ಕೂಗಿ ತೋರಿಸಿದೆ.

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಬಗ್ಗಿ ನೋಡಿದಳು. ಒಂದೊಂದು ಮಚ್ಚೆಗೂ ಚಾಕುವಿನಲ್ಲಿ ಕೊರೆದಂಥ ಅಂಚು ಬಂದಿತ್ತು. ಅದು ನನಗೆ ಕಂಡದ್ದು ಆಗಲೇ.

"ನಿನ್ ಕಣ್ಗೆ ನಾನ್ ಇಂಗಾ ಕಾಣೋದು?"

ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ತುರುಕಿದೆ. ಕಾಫಿಗೂ ಕಾಯದೆ ಬಸ್ಸು ಹಿಡಿದೆ.

ಆ ವಾರ ಪಾಠ ರುಚಿಸಲಿಲ್ಲ, ಊಟವೂ. ಲ್ಯಾಪ್‌ಟಾಪ್ ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು. ಫೋಟೊ ಹಿಗ್ಗಿಸಿ ನೋಡಿದರೆ ಅವಳ ಬಲಗೈ ಬೇರೆ ಮೂರಾಗಿತ್ತು. ಮೂರು ಸಲ ತೆಗೆಯುವಷ್ಟರಲ್ಲಿ ಕೈ ಅಲ್ಲಾಡಿತ್ತಲ್ಲ. ಅಷ್ಟು ಎಳೆದಾಡುವಾಗ ನಾನು ಅಕ್ಕನ ಮುಖವನ್ನು ಒಮ್ಮೆಯೂ ನೋಡಿಯೇ ಇರಲಿಲ್ಲ.

ಮುಂದಿನ ಭಾನುವಾರ ಮತ್ತೆ ಆಲೆಮನೆಗೆ ಹೋದೆ. "ನೀನ್ ಬತ್ತೀಯ ಅಂತ್ಲೇ ಮನೇಲವ್ಳೆ ಕಣಪ್ಪ. ಇತ್ಲಾಗೆ ಬರಲ್ವಂತೆ," ಎಂದರು ಭಾವ. ಕ್ಯಾಮೆರಾ ಚೀಲದಿಂದ ತೆಗೆಯಲಿಲ್ಲ. ಆಳುಗಳ ಜೊತೆ ಕೂತು ಅಚ್ಚಿನಿಂದ ಬೆಲ್ಲ ಬಿಡಿಸತೊಡಗಿದೆ. ಅರ್ಧಕ್ಕರ್ಧ ನನ್ನ ಕೈಯಲ್ಲಿ ಮುರಿದವು. ಮಧ್ಯಾಹ್ನ ಯಾರೋ ಹೋಗಿ ಚಾಡಿ ಹೇಳಿರಬೇಕು, ಅಕ್ಕ ಬಂದೇಬಿಟ್ಟಳು.

"ಬುಡ್ಲಾ ಅತ್ಲಾಗೆ! ಬೆಲ್ಲನೆಲ್ಲ ಪುಡಿ ಮಾಡಿಕ್ಕಿದೀಯಲ್ಲ!"

ನನ್ನನ್ನು ಸರಿಸಿ ತಾನೇ ಕೂತಳು. ಅಚ್ಚಿನ ಸಾಲೆಲ್ಲ ಮುಗಿದ ಮೇಲೆ, ನನ್ನ ಕಡೆ ತಿರುಗದೆ ಕೇಳಿದಳು:

"ಇನ್ನೊಂದಪ ತಗೀತೀಯೇನ್ಲಾ?"

"ನೀನ್ ಬ್ಯಾಡ ಅಂದ್ರೆ ಬ್ಯಾಡ ಕಣಕ್ಕ."

ಬಾಗಿಲ ಬಳಿ ಗೋಣಿಚೀಲದ ಮೇಲೆ ಕೂತು ಸೆರಗು ಸರಿಮಾಡಿಕೊಂಡಳು. ನನ್ನ ಕೈ ತಾಗಿ ಅಲುಗದಿರಲೆಂದು, ತನ್ನಷ್ಟಕ್ಕೇ ತೆಗೆಯುವಂತೆ ಕ್ಯಾಮೆರಾಕ್ಕೆ ಟೈಮರ್ ಇಟ್ಟು ದೂರ ಸರಿದೆ. ಮೂರು ಸಲ ಸದ್ದಾಯಿತು. ಅಷ್ಟು ಹೊತ್ತು ಅಕ್ಕ ಉಸಿರನ್ನೂ ಬಿಡಲಿಲ್ಲ.

ಈ ಸಲ ಮೂರನ್ನೂ ಸೇರಿಸಿ, ಹೆಚ್ಚೇನೂ ಮುಟ್ಟದೆ ಬಿಟ್ಟೆ. ಹಿಂದೆ ಹಬೆ, ಆಚೆ ಬಿಸಿಲು, ನಡುವೆ ಅಕ್ಕ: ಕಂದು ಕಂದಾಗಿ, ಬಿಳಿ ಬಿಳಿಯಾಗಿ. ನೋಡಿದಳು. "ನನ್ ಫೋನ್ಗೆ ಕಳ್ಸು," ಎಂದಳು, ಅಷ್ಟೆ.

ಮರುದಿನ ಕೆಲಸವಿದ್ದು ಕಿರುಗಾವಲಿಗೆ ಹೋಗುವಾಗ ಬಸ್ಸಿನಲ್ಲಿ ಫೋನ್ ತೆರೆದೆ. ವಾಟ್ಸಾಪಿನಲ್ಲಿ ಅಕ್ಕನ ಹೆಸರಿನ ಪಕ್ಕ ಇಷ್ಟು ವರ್ಷ ಒಂದು ಗುಲಾಬಿ ಹೂವಿತ್ತು. ಈಗ ಅಲ್ಲಿ ಅವಳ ಮುಖವಿತ್ತು. ಅದನ್ನು ದೊಡ್ಡದು ಮಾಡಿ ನೋಡಿದೆ. ಮರುಗಳಿಗೆಯೇ, ಎಡಗೆನ್ನೆಗೆ ಇನ್ನೊಂಚೂರು ಬೆಳಕು ಬೇಕಿತ್ತೇನೋ ಅನ್ನಿಸಿತು. 'ಮುಂದಿನ ವಾರ ಇನ್ನೊಂದ್ಸಲ ತೆಗೆಯಾನಾ?' ಎಂದು ಬರೆದೆ. ಕಳಿಸದೆ ಅಳಿಸಿದೆ.