ಒಂದು ಸೈಜ್ ದೊಡ್ಡ ಹೊಟ್ಟೆಪಟ್ಟಿ

ಕಳೆದ ವರ್ಷ ವಿಜಯದಶಮಿ ಮುಗಿದ ಮೇಲಿನ ಭಾನುವಾರ. ದಸರಾ ರಜೆಗೆಂದು ನಾನೂ ಮಗಳು ಅಪೂರ್ವಳೂ ಶಿವಮೊಗ್ಗದಿಂದ ಭದ್ರಾವತಿಯ ಜನ್ನಾಪುರದಲ್ಲಿರುವ ನನ್ನ ತವರಿಗೆ ಹೋಗಿದ್ದೆವು. ಅಲ್ಲಿ ಅಮ್ಮನೂ ತಮ್ಮ ಮಂಜುವೂ ಇದ್ದಾರೆ. ಮಂಜು ಕೆಲವು ವರ್ಷ ಮೈಸೂರಿನಲ್ಲಿ ಕುದುರೆ ಸವಾರಿ ಕಲಿತು, ಈಗ ಊರಾಚೆ ಒಂದು ಶೆಡ್ ಹಿಡಿದು, ಎರಡು ಕುದುರೆ ಇಟ್ಟುಕೊಂಡು ಮಕ್ಕಳಿಗೆ ಕಲಿಸುತ್ತಾನೆ. ಹದಿಮೂರರ ಅಪೂರ್ವಳಿಗೆ ಮಾವನೂ ಬೇಕು, ಮಾವನ ಕುದುರೆಯೂ ಬೇಕು. ನನಗೋ ಕುದುರೆಯೆಂದರೆ ದೂರದಿಂದಲೇ ಕೈಮುಗಿಯುವಷ್ಟು ಭಯ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ನನ್ನ ಗಂಟಲು ದೊಡ್ಡದು. ನಾನು ಪಾಠ ಮಾಡಿದರೆ ಪಕ್ಕದ ಕ್ಲಾಸಿನವರೂ ಪಾಸಾಗುತ್ತಾರೆ ಎಂದು ನಮ್ಮ ಯಜಮಾನರು ಛೇಡಿಸುತ್ತಿರುತ್ತಾರೆ. ಮಂಜು ಮಾತ್ರ ಶೆಡ್ಡಿನ ಬಾಗಿಲಲ್ಲೇ ಎಚ್ಚರಿಸುತ್ತಾನೆ.

"ಅಕ್ಕಾ, ಇಲ್ಲಿ ನಿನ್ ಕ್ಲಾಸಿನ ದನಿ ಬೇಡ ಮಾರಾಯ್ತಿ. ಕುದ್ರೆ ಬೆದರಿದ್ರೆ ಯಾರ್ ಕೈಗೂ ಸಿಗಲ್ಲ. ಹಂಗಂತ ಸದ್ದೇ ಮಾಡ್ದೆ ಹಿಂದ್ಗಡೆಯಿಂದ ಹತ್ರಾನೂ ಹೋಗ್ಬೇಡ. ಒದ್ದುಬಿಡುತ್ತೆ."

ಹಾಗಾಗಿ ನಾನು ಅಲ್ಲಿ ಬಾಯಿ ಮುಚ್ಚಿಕೊಂಡು ದೂರವೇ ನಿಲ್ಲುತ್ತಿದ್ದೆ.

ಕುದುರೆಯ ಬೆನ್ನ ಮೇಲಿನ ಜೀನು ಜಾರದಂತೆ ಅದರ ಹೊಟ್ಟೆಯ ಕೆಳಗಿನಿಂದ ಸುತ್ತಿ ಬಿಗಿಯುವ ಅಗಲವಾದ ಪಟ್ಟಿ ಒಂದಿರುತ್ತದೆ. ಮಂಜು ಅದಕ್ಕೆ ಗರ್ತ್ ಅನ್ನುತ್ತಾನೆ. ನಮ್ಮಮ್ಮ ಹೊಟ್ಟೆಪಟ್ಟಿ ಅನ್ನುತ್ತಾಳೆ. ಅವನ ಹೆಣ್ಣು ಕುದುರೆ ಗೌರಿಯ ಪಟ್ಟಿ ಹೊಲಿಗೆ ಬಿಟ್ಟಿತ್ತು. ಆಯುಧಪೂಜೆಗೆ ಹೊಸದಿರಲಿ ಎಂದು ಅವನು ಹಬ್ಬಕ್ಕೆ ಮುಂಚೆ ಮೊಬೈಲಿನಲ್ಲಿ ಹುಡುಕುತ್ತಿದ್ದಾಗ ಹಳೆಯ ಅಳತೆಯದೂ ಸಿಕ್ಕಿತು, ಅದಕ್ಕಿಂತ ಒಂದು ಸೈಜ್ ದೊಡ್ಡದೂ ಸಿಕ್ಕಿತು. ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದ ಅಮ್ಮ ತೀರ್ಪು ಕೊಟ್ಟಳು.

"ದೊಡ್ಡದೇ ತರ್ಸೋ. ಗೌರಿ ಜ್ವರ ಬಂದು ಸೊರಗಿದಾಳೆ. ನಾಳೆ ಮೈ ತುಂಬ್ಕೊಂಡ್ರೆ ಮತ್ತೆ ಹೊಸದು ತರ್ತೀಯಾ?"

ನಮ್ಮ ಮನೆಯ ಪದ್ಧತಿಯೇ ಅದು. ಅಪ್ಪ ಕಾರ್ಖಾನೆಯಲ್ಲಿದ್ದ ಕಾಲದಿಂದಲೂ ಯೂನಿಫಾರ್ಮ್, ಚಪ್ಪಲಿ, ಸ್ವೆಟರ್ ಎಲ್ಲವನ್ನೂ ಬೆಳೆಯುವ ಮೈಗೆಂದು ಒಂದು ಸೈಜ್ ದೊಡ್ಡದೇ ತರುವುದು. ಲಂಗ ಉದ್ದವಾದರೆ ಒಳಗೆ ಮಡಚಿ ಹೊಲಿಯುವುದು, ಶೂ ಸಡಿಲವಾದರೆ ತುದಿಗೆ ಹತ್ತಿ ತುರುಕುವುದು. ನಾನೂ ಮಂಜುವೂ ಹಾಗೆಯೇ ಬೆಳೆದವರು. ಹೊಸ ಪಟ್ಟಿ ಬಂತು. ಅದನ್ನು ಜೀನಿನ ಬಾರಿನ ಕೊನೆಯ ತೂತಿಗೆ ಎಳೆದು ಕಟ್ಟಿದರೂ ಸ್ವಲ್ಪ ಸಡಿಲವೇ ಇತ್ತು. ಜೀನಿನ ಅಡಿಗೆ ಇನ್ನೊಂದು ಕಂಬಳಿ ಮಡಚಿ ಹಾಕಿದ ಮೇಲೆ ಬಿಗಿಯಾಯಿತು. ಶೂಗೆ ಹತ್ತಿ ತುರುಕಿದ ಹಾಗೆ. ಪೂಜೆಯ ದಿನ ಅದಕ್ಕೆ ಅರಿಶಿನ ಕುಂಕುಮವನ್ನೂ ಇಟ್ಟೆವು.

ಆ ಭಾನುವಾರ ಬೆಳಿಗ್ಗೆ ಮೂವರೂ ನೀರಾವರಿ ಚಾನಲ್ಲಿನ ಏರಿಯ ಮೇಲೆ ಹೊರಟೆವು. ಮುಂದೆ ಮಂಜು ತನ್ನ ಕುದುರೆಯ ಮೇಲೆ, ಹಿಂದೆ ಗೌರಿಯ ಮೇಲೆ ಅಪೂರ್ವ, ಇನ್ನೂ ಹಿಂದೆ ಕಾಲ್ನಡಿಗೆಯಲ್ಲಿ ನಾನು. ಎಡಗಡೆ ಚಾನಲ್ ತುಂಬಿ ಹರಿಯುತ್ತಿತ್ತು. ಅಪೂರ್ವಳಿಗೆ ಈಜು ಬರುವುದಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಮಗಳು ಸೊಟ್ಟಗೆ ಕೂತಿದ್ದಾಳೆ ಅನಿಸಿತು. ಮನೆಯಲ್ಲೂ ಹಾಗೆಯೇ ಕೂರುತ್ತಾಳೆ, ಇಳಿದ ಮೇಲೆ ಬೈಯೋಣ ಎಂದುಕೊಂಡೆ. ಇನ್ನಷ್ಟು ನಡೆದು ನೋಡಿದರೆ ಜೀನಿನ ನಡುಭಾಗ ಗೌರಿಯ ಬೆನ್ನುಮೂಳೆಯ ಮೇಲೆ ಇರಲೇ ಇಲ್ಲ. ಸೊಟ್ಟಗಾಗಿದ್ದು ಮಗಳಲ್ಲ, ಜೀನು. ಅದು ನೀರಿನ ಕಡೆಗೆ ಜಾರುತ್ತಿತ್ತು. ಅಪೂರ್ವ ಸರಿಯಾಗಿ ಕೂರಲು ಎಡಗಾಲನ್ನು ರಿಕಾಪಿನ ಮೇಲೆ, ಅಂದರೆ ಪಾದ ಇಡುವ ಆ ಕಬ್ಬಿಣದ ಬಳೆಯ ಮೇಲೆ, ಒತ್ತಿದಳು. ಜೀನು ಇನ್ನೂ ವಾಲಿತು.

ಕೂಗು ಗಂಟಲಿನವರೆಗೆ ಬಂದಿತ್ತು. ಕೂಗಿದರೆ ಗೌರಿ ಬೆದರಿ ಓಡುತ್ತಾಳೆ. ಕೂಗದಿದ್ದರೆ ಮಂಜು ತಿರುಗುವುದಿಲ್ಲ. ಸುಮ್ಮನೆ ಹತ್ತಿರ ಹೋದರೆ ಒದೆಯುತ್ತಾಳೆ. ಜೀವಮಾನವಿಡೀ ಕಿರುಚಿಕೊಂಡು ಬದುಕಿದವಳಿಗೆ ಆ ಹೊತ್ತಿನಲ್ಲಿ ಯಾವ ದನಿ ತೆಗೆಯಬೇಕೆಂದೇ ತಿಳಿಯಲಿಲ್ಲ. ಕೊನೆಗೆ ಬಂದದ್ದು ಅಪೂರ್ವಳನ್ನು ತೊಟ್ಟಿಲಲ್ಲಿ ಮಲಗಿಸುತ್ತಿದ್ದಾಗಿನ ದನಿ.

"ಗೌರೀ... ನಾನು ಕಣೇ ತಾಯಿ... ಬರ್ತಾ ಇದೀನಿ... ಹೆದರ್ಬೇಡ ಗೌರಮ್ಮಾ..."

ಗೌರಿಯ ಕಿವಿ ಹಿಂದಕ್ಕೆ ತಿರುಗಿತು. ಒದೆಯಲಿಲ್ಲ. ನಾನು ಅದೇ ರಾಗದಲ್ಲಿ ಏನೇನೋ ಹೇಳುತ್ತಾ ಕುದುರೆಗೂ ನೀರಿಗೂ ನಡುವೆ ಇದ್ದ ಒಂದಿಷ್ಟು ಜಾಗಕ್ಕೆ ನುಗ್ಗಿದೆ. ಪಕ್ಕದಲ್ಲಿ ಅದರ ಬಿಸಿ ಮೈ, ಚಪ್ಪಲಿಯ ಅಡಿಯಲ್ಲಿ ಉದುರುವ ಮಣ್ಣು. ವಾಲಿದ್ದ ಮಗಳ ಸೊಂಟಕ್ಕೆ ನನ್ನ ಹೆಗಲು ಕೊಟ್ಟೆ.

"ಅಮ್ಮಾ, ಬೀಳ್ತೀನಿ," ಎಂದಳು.

"ಬೀಳಲ್ಲ ಪುಟ್ಟಾ. ಮಂಜೂ... ಮಂಜಪ್ಪಾ... ಮೆತ್ತಗೆ ತಿರುಗಿ ನೋಡೋ..." ಎಂದು ಹಾಡಿದ ಹಾಗೆ ಕರೆದೆ.

ನನ್ನ ಬಾಯಲ್ಲಿ ಅಂಥ ದನಿ ಕೇಳಿ ಅವನಿಗೆ ಅನುಮಾನ ಬಂದಿರಬೇಕು. ತಿರುಗಿ ನೋಡಿದ. ತನ್ನ ಕುದುರೆ ನಿಲ್ಲಿಸಿ ಇಳಿದ. ಅದು ನಿಂತಿದ್ದಕ್ಕೆ ಗೌರಿಯೂ ನಿಂತಳು. ಅವನು ನಿಧಾನವಾಗಿ ಬಂದು ಲಗಾಮು ಹಿಡಿದ.

"ಅಪ್ಪೂ, ಎರಡೂ ಕಾಲು ರಿಕಾಪಿಂದ ತೆಗೀಮ್ಮ."

ಬಲಗಾಲು ಬಂತು. ಎಡಗಾಲು ಬರಲಿಲ್ಲ. ಒತ್ತಿ ಒತ್ತಿ ಶೂ ಹಿಮ್ಮಡಿಯವರೆಗೆ ಒಳಗೆ ಹೋಗಿ ಸಿಕ್ಕಿಕೊಂಡಿತ್ತು. ಮಂಜು ಲಗಾಮು ಬಿಡುವ ಹಾಗಿರಲಿಲ್ಲ. ಒಂದು ಹೆಗಲ ಮೇಲೆ ಮಗಳ ಭಾರ ಹೊತ್ತುಕೊಂಡೇ ನಾನು ಬಗ್ಗಿ ಶೂವಿನ ಲೇಸು ಬಿಚ್ಚಿದೆ. ಕಾಲು ಶೂವಿನಿಂದ ಹೊರಬಂತು. ಅಪೂರ್ವ ನನ್ನ ಮೇಲೆ ಬಿದ್ದಳು, ಇಬ್ಬರೂ ಏರಿಯ ಅಂಚಿನಲ್ಲೇ ಉರುಳಿದೆವು.

ಅದೇ ಕ್ಷಣ ಜೀನು ಪೂರ್ತಿ ಮಗುಚಿ ಗೌರಿಯ ಹೊಟ್ಟೆಯ ಕೆಳಗೆ ನೇತಾಡಿತು. ಅಷ್ಟು ಸಾಧು ಪ್ರಾಣಿಗೆ ಹುಚ್ಚು ಹಿಡಿದಂತಾಯಿತು. ಮಂಜುವಿನ ಕೈಯಿಂದ ಲಗಾಮು ಕಿತ್ತುಕೊಂಡು, ನೇತಾಡುವ ಜೀನನ್ನು ಒದೆಯುತ್ತಾ ಏರಿಯುದ್ದಕ್ಕೂ ಓಡಿದಳು. ರಿಕಾಪು ಕಲ್ಲಿಗೆ ಬಡಿಯುವ ಶಬ್ದ ಬಹಳ ದೂರದವರೆಗೆ ಕೇಳುತ್ತಿತ್ತು. ನನ್ನ ಮಗಳ ಶೂ ಅದರಲ್ಲೇ ಇತ್ತು.

ಗೌರಿಯನ್ನು ಹಿಡಿದು ತಂದ ಮೇಲೆ ಮಂಜು ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ನೆಲದ ಮೇಲೆ ಕೂತುಬಿಟ್ಟ.

"ಕಟ್ಟೋವಾಗ ಕುದ್ರೆ ಹೊಟ್ಟೆ ಉಬ್ಬಿಸ್ಕೊಂಡು ನಿಲ್ಲುತ್ತೆ ಅಕ್ಕಾ. ಹತ್ತು ಹೆಜ್ಜೆ ನಡೆದ್ಮೇಲೆ ಉಸಿರು ಬಿಡುತ್ತೆ, ಆಗ ಮತ್ತೆ ಬಿಗೀಬೇಕು. ನಾನು ಬಿಗಿಯೋಕೆ ತೂತು ಎಲ್ಲಿತ್ತು? ಕೊನೇದಕ್ಕೆ ಹಾಕಾಗಿತ್ತಲ್ಲ. ಪಟ್ಟಿ ಅಂದ್ರೆ ನಡು ತೂತಿಗೆ ಕೂರ್ಬೇಕು. ಮಕ್ಕಳಿಗೆ ದಿನಾ ಹೇಳ್ಕೊಡೋನು ನಾನೇ."

ಮನೆಗೆ ಹೋಗಿ ನಡೆದದ್ದು ಹೇಳಿದಾಗ ಅಮ್ಮ ಅಪೂರ್ವಳ ಬರಿಗಾಲನ್ನು ಮಡಿಲಲ್ಲಿಟ್ಟುಕೊಂಡು ಸವರುತ್ತಾ ಕೂತಿದ್ದಳು. ಮಂಜು ಮಾರನೆಯ ದಿನವೇ ಟೇಪು ಹಿಡಿದು, ಜೀನಿನ ಒಂದು ಕಡೆಯ ಬಾರಿನ ನಡು ತೂತಿನಿಂದ ಹೊಟ್ಟೆಯ ಕೆಳಗಾಗಿ ಇನ್ನೊಂದು ಕಡೆಯ ನಡು ತೂತಿನವರೆಗೆ ಅಳೆದು, ಗೌರಿ ಉಸಿರು ಬಿಡುವವರೆಗೂ ಕಾದು, ಸರಿಯಾದದ್ದನ್ನು ತರಿಸಿದ. ಅಪೂರ್ವ ಈಗಲೂ ಸವಾರಿ ಮಾಡುತ್ತಾಳೆ. ಅವಳು ಹತ್ತುವ ಮುಂಚೆ ಒಮ್ಮೆ, ಸ್ವಲ್ಪ ನಡೆಸಿದ ಮೇಲೆ ಇನ್ನೊಮ್ಮೆ, ಪಟ್ಟಿಯ ಒಳಗೆ ಎರಡು ಬೆರಳು ತೂರಿಸಿ ನೋಡುವುದು ನನ್ನ ಕೆಲಸ. ಭಯ ಹೋಗಿಲ್ಲ. ಕಲ್ಲಿಗೆ ಕಬ್ಬಿಣ ಬಡಿದ ಶಬ್ದ ಎಲ್ಲಿ ಕೇಳಿದರೂ ಮಗಳ ಕಾಲು ನೋಡುತ್ತೇನೆ.

ಈ ಜೂನಿನಲ್ಲಿ ಶಿವಮೊಗ್ಗದ ಗಾಂಧಿ ಬಜಾರಿಗೆ ಯೂನಿಫಾರ್ಮ್ ತರಲು ಹೋದಾಗ ಅಮ್ಮನೂ ಜೊತೆಗಿದ್ದಳು. ಅಂಗಡಿಯವರು ರೂಢಿಯಂತೆ, "ಬೆಳೆಯೋ ಹುಡುಗಿ, ಒಂದ್ ಸೈಜ್ ದೊಡ್ಡದೇ ಕೊಡ್ಲಾ ಅಮ್ಮ?" ಎಂದರು.

ಅಮ್ಮ ಅಪೂರ್ವಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಬೇಡಪ್ಪ. ಇವತ್ತು ಅವಳೆಷ್ಟಿದಾಳೋ ಅಷ್ಟಕ್ಕೇ ಕೊಡು."